ಗಡಿಗೆ ಬಂದ ಗಡಿಗೆ

ನಾನು ನಿಂತಿದ್ದು ಹುಲಿದಿನ್ನಿ ಮತ್ತು ಸಂಗಾಪುರ ಎಂಬ ಎರಡು ಹಳ್ಳಿಗಳ ಸೀಮೆ ಕೂಡುವ ಜಾಗದಲ್ಲಿ, ಗಡಿಯ ಕಲ್ಲಿನಿಂದ ಹುಲಿದಿನ್ನಿಯ ಕಡೆಗೆ ಮೂರು ಹೆಜ್ಜೆ ಈಚೆಗೆ. ಮಸ್ಕಿಯಿಂದ ಬಳಗಾನೂರಿಗೆ ಹೋಗುವಾಗ ಒಂದು ಬಂಡಿದಾರಿ ಎಡಕ್ಕೆ ಒಡೆಯುತ್ತದೆ, ಅದರೊಳಗೆ. 1952ನೇ ಇಸವಿ, ಬಸವ ಜಯಂತಿ ಮುಗಿದ ಮೇಲೆ ಬಂದ ಮಂಗಳವಾರ. ಗಂಟೆ ಎಷ್ಟಾಗಿತ್ತೆಂದು ಹೇಳಲಾರೆ, ನನ್ನ ಹತ್ತಿರ ಗಡಿಯಾರ ಇರಲಿಲ್ಲ. ನನ್ನ ನೆರಳು ನನ್ನ ಚಪ್ಪಲಿಯನ್ನು ದಾಟಿ ಹೊರಗೆ ಬಿದ್ದಿರಲಿಲ್ಲ ಎಂದಷ್ಟೇ ಹೇಳಬಲ್ಲೆ. ಎರಡೂ ಕೈಗಳಲ್ಲಿ ಸೈಕಲ್ ಹಿಡಿದಿದ್ದೆ. ಸೈಕಲ್ಲಿನ ಹ್ಯಾಂಡಲ್ಲಿಗೆ ಒಂದು ಸಣ್ಣ ಮಣ್ಣಿನ ಗಡಿಗೆ ತೂಗುತ್ತಿತ್ತು. ಗಡಿಗೆಯಲ್ಲಿ ತಣ್ಣೀರು ತುಂಬಿತ್ತು. ನನಗೆ ಬಾಯಾರಿತ್ತು. ಇಷ್ಟರಲ್ಲಿ ಯಾವುದನ್ನೂ ಇದುವರೆಗೆ ಯಾರೂ ಅಲ್ಲಗಳೆದಿಲ್ಲ. ತಕರಾರು ಇರುವುದೆಲ್ಲ ಮುಂದಿನದರ ಬಗ್ಗೆ. ಸಿಂಧನೂರಿನಲ್ಲಿ ಈ ಸಂಗತಿಯನ್ನು ಒಂದು ರೀತಿ ಹೇಳುತ್ತಾರೆ. ಲಿಂಗಸುಗೂರಿನಲ್ಲಿ ಹೇಳುವವರು ನನ್ನನ್ನು ಸೈಕಲ್ಲಿನಿಂದ ಇಳಿಸಿ ಕುದುರೆಯ ಮೇಲೆ ಕೂಡಿಸುತ್ತಾರೆ. ಕುದುರೆ ಇರಲಿಲ್ಲ. ಅದಕ್ಕೇ ಕಂಡದ್ದನ್ನು ಕಂಡ ಹಾಗೆ, ಸಾವಕಾಶವಾಗಿ ಬರೆದಿಡುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನನ್ನ ನೌಕರಿ ಸಿಡುಬು ಬಾರದಂತೆ ಔಷಧ ಚುಚ್ಚುವುದು. ಲಿಂಗಸುಗೂರು, ಮಸ್ಕಿ, ಸಿಂಧನೂರು ಸುತ್ತಿನ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ನಮ್ಮ ಕಡೆ ಸಿಡುಬಿಗೆ ದೇವಿ ಎನ್ನುತ್ತಾರೆ. ಬೇನೆ ಬಂದರೆ "ದೇವಿ ಬಂದಾಳ" ಎನ್ನುತ್ತಾರೆ, ಬಾರದಂತೆ ಚುಚ್ಚಿದರೆ "ದೇವಿ ಹಾಕ್ಯಾರ" ಎನ್ನುತ್ತಾರೆ. ರೋಗಕ್ಕೂ ಮದ್ದಿಗೂ ಒಂದೇ ಹೆಸರು. ನಡುವೆ ಸೈಕಲ್ ತುಳಿಯುವ ನನ್ನ ಹೆಸರು ದೇವಿ ಸಾಹೇಬ. ಔಷಧ ಗಾಜಿನ ಸಣ್ಣ ಕೊಳವೆಗಳಲ್ಲಿ ಬರುತ್ತಿತ್ತು. ಅದನ್ನು ತಂಪಾಗಿಡಲು ಸರ್ಕಾರ ಒಂದು ಥರ್ಮಾಸ್ ಕೊಟ್ಟಿತ್ತು. ಅದರಲ್ಲಿ ಬರ್ಫ, ಅಂದರೆ ಮಂಜುಗಡ್ಡೆ, ತುಂಬಿಡಬೇಕೆಂದು ಹುಕುಂ ಇತ್ತು. ಬರ್ಫ ಎಲ್ಲಿ ಸಿಗುತ್ತದೆಂದು ಹುಕುಮಿನಲ್ಲಿ ಬರೆದಿರಲಿಲ್ಲ. ನಾನು ಬಾವಿಯ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ತುಂಬುತ್ತಿದ್ದೆ. ಏನೇ ಇರಲಿ, ಔಷಧವನ್ನು ತಂಪಾಗಿಡಬೇಕೆಂದು ಸರ್ಕಾರಕ್ಕೆ ಅನ್ನಿಸಿತ್ತು. ಔಷಧ ಹಾಕುವವನ ಬಗ್ಗೆ ಹಾಗೆ ಅನ್ನಿಸಿದ ಕುರುಹು ಯಾವ ಕಾಗದದಲ್ಲೂ ಕಾಣಲಿಲ್ಲ.

ನಾನು ಹಸಿವೆ ತಡೆಯಬಲ್ಲೆ, ಮೇಲಧಿಕಾರಿಗಳನ್ನೂ ತಡೆಯಬಲ್ಲೆ, ಬಾಯಾರಿಕೆ ಮಾತ್ರ ತಡೆಯಲಾರೆ. ಅದರಲ್ಲೂ ಬಿಸಿಯಾದ ನೀರು ಕುಡಿದರೆ ಬಾಯಾರಿಕೆ ಹೋಗುವುದಿಲ್ಲ, ಇಮ್ಮಡಿಯಾಗುತ್ತದೆ. ನಮ್ಮ ಎರೆಭೂಮಿಯ ಬೇಸಗೆಯಲ್ಲಿ ಸೈಕಲ್ ತುಳಿದವರಿಗೆ ಇದು ಗೊತ್ತು. ಕೆಳಗೆ ನೆಲ ಬಿರಿದಿರುತ್ತದೆ, ಮೇಲೆ ಬಿಸಿಲು, ನಡುವೆ ಸೀಟು. ಮೂರರಲ್ಲಿ ಯಾವುದು ಹೆಚ್ಚು ಸುಡುತ್ತದೆಂದು ಹೇಳುವುದು ಕಷ್ಟ. ಮೊದಲು ಹಿತ್ತಾಳೆಯ ತಂಬಿಗೆ ಕಟ್ಟಿಕೊಂಡು ಹೋದೆ. ಎರಡು ಹರದಾರಿ ದಾಟುವಷ್ಟರಲ್ಲಿ ಅದರ ನೀರಿನಲ್ಲಿ ಅನ್ನಕ್ಕೆ ಎಸರಿಡಬಹುದಾಗಿತ್ತು. ಆಮೇಲೆ ಲಿಂಗಸುಗೂರಿನ ಸಂತೆಯಲ್ಲಿ ಒಂದು ಮಿಲಿಟರಿ ಬಾಟಲಿ ಕೊಂಡೆ. ಅದರ ಮೈಗೆ ಕಂಬಳಿಯ ಅಂಗಿ ಇತ್ತು. ಅಂಗಿ ತೋಯಿಸಿದರೆ ನೀರು ತಣ್ಣಗಿರುತ್ತದೆಂದು ಮಾರಿದವನು ಹೇಳಿದ. ಖರೆಯೇ ಹೇಳಿದ್ದ, ಆದರೆ ಅಂಗಿ ತೋಯಿಸಲು ಬಾಟಲಿಯ ನೀರನ್ನೇ ಸುರಿಯಬೇಕಾಗುತ್ತಿತ್ತು, ಊರು ಮುಟ್ಟುವಾಗ ತಣ್ಣನೆಯ ಖಾಲಿ ಬಾಟಲಿ ಉಳಿಯುತ್ತಿತ್ತು. ಸೋರೆಯ ಬುರುಡೆ ಒಂದು ತಿಂಗಳು ಚೆನ್ನಾಗಿ ನಡೆದು, ಒಂದು ದಿನ ನಾನು ಬಿದ್ದಾಗ ನನ್ನ ಕೆಳಗೆ ಬಂದು ಜೀವ ಬಿಟ್ಟಿತು. ದಪ್ಪ ಬಟ್ಟೆಯ ನೀರಿನ ಚೀಲವನ್ನು ಹ್ಯಾಂಡಲ್ಲಿಗೆ ತೂಗುಹಾಕಿದೆ. ನೀರೇನೋ ತಣ್ಣಗಿತ್ತು, ಆದರೆ ಚೀಲ ದಾರಿಯುದ್ದಕ್ಕೂ ನನ್ನ ಪಾಯಜಾಮದ ಮೇಲೆ ತೊಟ್ಟಿಕ್ಕುತ್ತಿತ್ತು. ಊರಿನ ಚಾವಡಿಗೆ ಹೋಗಿ ಇಳಿದರೆ ಹಿರಿಯರು ಮುಖ ಬೇರೆ ಕಡೆಗೆ ತಿರುಗಿಸುತ್ತಿದ್ದರು, ಮಕ್ಕಳು ತಿರುಗಿಸುತ್ತಿರಲಿಲ್ಲ.

ಕೊನೆಗೆ ಮಸ್ಕಿಯ ಕುಂಬಾರ ಈರಣ್ಣನ ಹತ್ತಿರ ಹೋಗಿ, ಸೋರದ ಒಂದು ಸಣ್ಣ ಗಡಿಗೆ ಕೊಡು ಎಂದೆ. ಅವನು ತಿಗರಿಯಿಂದ ಕೈ ತೆಗೆಯದೆ, "ಸೋರಲಾರದ್ದು ಬೇಕಾದ್ರ ತಗಡಿಂದು ತೊಗೋರಿ ಸಾಹೇಬ್ರ. ತಣ್ಣಗಿರಬೇಕಾದ್ರ ಗಡಿಗಿ ಬೆವರಬೇಕು. ಬೆವರಲಾರದ ಗಡಿಗಿ, ಬೆವರಲಾರದ ಮನಿಷ್ಯಾ, ಎರಡೂ ಉಪಯೋಗಿಲ್ಲ" ಎಂದ. ಹಾಗೆನ್ನುವಾಗ ಕೊನೆಯ ಮಾತಿಗೆ ನನ್ನ ಸರ್ಕಾರಿ ಕೋಟಿನ ಕಡೆ ನೋಡಿದನೆಂದು ನನಗೆ ಅನುಮಾನ. ಮರಳು ಬೆರೆಸಿ, ತೆಳ್ಳಗೆ ತಟ್ಟಿ, ಕಿರಿದಾದ ಬಾಯಿಯ ಒಂದು ಗಡಿಗೆ ಮಾಡಿಕೊಟ್ಟ. ನನ್ನ ಹೆಂಡತಿ ಶರಣಮ್ಮ ಅದಕ್ಕೆ ಹಗ್ಗದ ನೆಲುವು ಹೆಣೆದಳು. ಬಿಸಿಲು ನೇರವಾಗಿ ತಾಗಬಾರದೆಂದು ತನ್ನ ಹಳೆಯ ಹಸಿರು ಸೀರೆಯಲ್ಲಿ ಒಂದು ತುಂಡು ಹರಿದು, ತೋಯಿಸಿ, ಗಡಿಗೆಯ ಮೈಗೆ ಸುತ್ತಿದಳು. ಬಾವಿಯಿಂದ ಕೊಡ ಹೊತ್ತು ತರುವ ಹೆಂಗಸರು ನೀರು ತುಳುಕದಂತೆ ಬಾಯಲ್ಲಿ ಒಂದು ಎಲೆ ಹಾಕುತ್ತಾರಲ್ಲ, ಹಾಗೆ ಒಂದು ಬೇವಿನ ಟೊಂಗೆಯನ್ನೂ ಇಟ್ಟಳು. ಮರುದಿನ ಹೊರಟು, ಮಧ್ಯಾಹ್ನ ಒಂದು ಜಾಲಿಯ ಕೆಳಗೆ ಇಳಿದು ಆ ನೀರು ಕುಡಿದೆ. ಆ ಸುಖವನ್ನು ಬರೆಯಲು ನನಗೆ ಬರುವುದಿಲ್ಲ. ಹಲ್ಲು ಜುಮ್ಮೆಂದಿತು ಎಂದಷ್ಟೇ ದಾಖಲು ಮಾಡುತ್ತೇನೆ.

ಹೀಗೆ ಒಂದು ವಾರ ನಡೆಯಿತು. ಆ ಮಂಗಳವಾರ ಹುಲಿದಿನ್ನಿಗೆ ಹೋದೆ. ಅಲ್ಲಿ ಎರಡು ಮನೆಗಳಲ್ಲಿ ಸಿಡುಬು ಎದ್ದಿತ್ತು. ಸೈಕಲ್ಲನ್ನು ಚಾವಡಿಯ ಹೊರಗೆ ನಿಲ್ಲಿಸಿ, ಒಳಗೆ ಕುಳಿತು ಬೆಳಗಿನಿಂದ ಚುಚ್ಚಿದೆ. ಕೆಲಸ ಮುಗಿಸಿ ಹೊರಗೆ ಬಂದು ನೋಡುತ್ತೇನೆ, ನನ್ನ ಗಡಿಗೆಗೆ ಅರಿಷಿಣ ಕುಂಕುಮ ಹಚ್ಚಿದ್ದಾರೆ. ಹಸಿರು ಬಳೆ ಏರಿಸಿದ್ದಾರೆ. ನೆಲುವಿನಲ್ಲಿ ಒಂದು ಕುಪ್ಪಸದ ಕಣ, ಎರಡು ಹಿಡಿ ಅಕ್ಕಿ, ಒಂದು ಬಟ್ಟಲು ಕೊಬ್ಬರಿ ಇಟ್ಟು ಉಡಿ ತುಂಬಿದ್ದಾರೆ. ಮುಂದಿನ ಗಾಲಿಗೆ ಮೊಸರನ್ನದ ನೈವೇದ್ಯ. ಬೇನೆ ಬಿದ್ದ ಮನೆಯೊಂದರ ಯಜಮಾನಿ ದುರುಗವ್ವ ಕಣ್ಣಲ್ಲಿ ನೀರು ತುಂಬಿಕೊಂಡು, "ಬಾಳ ಉಪಕಾರ ಆತ್ರಿ ಸಾಹೇಬ್ರ. ಇನ್ನ ಹೊಂಡ್ರಿ. ಹಿಂದ ತಿರುಗಿ ನೋಡಬ್ಯಾಡ್ರಿ, ನಮ್ಮ ಸೀಮ್ಯಾಗ ಕಾಲು ಊರಬ್ಯಾಡ್ರಿ" ಎಂದಳು. ಹಲಗೆ ಬಾರಿಸುವವರಿಬ್ಬರು ಮುಂದೆ ನಿಂತಿದ್ದರು.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಅಲ್ಲೇ ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ಯಾಕೆಂದರೆ ಇದೆಲ್ಲ ನನಗಾಗಿ ಎಂದು ತಿಳಿದೆ. ಅದುವರೆಗಿನ ನೌಕರಿಯಲ್ಲಿ ನನ್ನನ್ನು ಕಂಡೊಡನೆ ಮಕ್ಕಳನ್ನು ಕಣಜದೊಳಗೆ ಬಚ್ಚಿಟ್ಟವರುಂಟು, ನಾಯಿ ಬಿಟ್ಟವರುಂಟು, ಒಬ್ಬ ಅಜ್ಜಿ ಕಸಬರಿಗೆಯನ್ನೂ ಎತ್ತಿದ್ದಳು. ಕಣ್ಣೀರು ಹಾಕಿ, ಹಲಗೆ ಬಾರಿಸಿ ಕಳಿಸಿಕೊಟ್ಟವರು ಇದೇ ಮೊದಲು. ಕಾಲು ಊರಬೇಡಿ ಎಂದದ್ದೂ ನನ್ನ ದಣಿವಿನ ಮೇಲಿನ ಕನಿಕರವೆಂದುಕೊಂಡೆ. ಎದೆಯುಬ್ಬಿಸಿ ಸೈಕಲ್ ಹತ್ತಿದೆ. ಹಲಗೆಯ ಸಪ್ಪಳಕ್ಕೆ ಸರಿಯಾಗಿ ಪೆಡಲ್ ತುಳಿದೆನೆಂದೂ ಹೇಳಿಬಿಡುತ್ತೇನೆ. ಅಷ್ಟು ಜನ ಗೌರವ ಕೊಡುತ್ತಿರುವಾಗ ನಡುವೆ ಇಳಿದು ನೀರು ಕುಡಿಯುವುದು ಸರಿಯಲ್ಲವೆನಿಸಿ ಬಾಯಾರಿಕೆಯನ್ನೂ ತಡೆದುಕೊಂಡೆ.

ಗಡಿಯ ಕಲ್ಲಿನ ಆಚೆ ಸಂಗಾಪುರದವರು ಅರ್ಧ ಊರು ಬಂದು ನಿಂತಿದ್ದರು. ಸುದ್ದಿ ಹೊಲದ ಕಾಲುದಾರಿ ಹಿಡಿದು ನನಗಿಂತ ಮೊದಲು ಹೋಗಿತ್ತು. ಮುಂದೆ ನಿಂತಿದ್ದವನು ಊರಿನ ತಳವಾರ ಹುಸೇನಪ್ಪ, ನನಗೆ ಚೆನ್ನಾಗಿ ಗೊತ್ತಿದ್ದವನು. ಕೈಯಲ್ಲಿ ಬಡಿಗೆ ಇತ್ತು.

"ಸಾಹೇಬ್ರ, ಅಲ್ಲೇ ನಿಂದರ್ರಿ" ಎಂದ.

ನಾನು ನಿಂತೆ. ಮೂರು ಹೆಜ್ಜೆಯ ಲೆಕ್ಕ ಅಲ್ಲಿಯದು. "ಯಾಕಪ್ಪಾ ಹುಸೇನಪ್ಪ? ನಿಮ್ಮೂರಿಗೆ ದೇವಿ ಹಾಕಾಕ ಬಂದೀನಿ" ಎಂದೆ. ಆ ಹೊತ್ತಿಗೆ ಆಡಬಾರದ ಮಾತು ಜಗತ್ತಿನಲ್ಲಿ ಅದೊಂದೇ ಇತ್ತು.

"ಕೇಳಿದ್ರ್ಯಾ? ತನ್ನ ಬಾಯಿಲೇ ಅಂದ!" ಎಂದು ಹಿಂದಿನಿಂದ ಹೆಂಗಸರ ದನಿ ಎದ್ದಿತು. ಗುಂಪನ್ನು ಸೀಳಿಕೊಂಡು ಒಬ್ಬ ಮುದುಕಿ ಬಂದು ಗಡಿಯ ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಳು. ಅವಳು ನಿಂಗವ್ವ, ಸಂಗಾಪುರದಲ್ಲಿ ಬಾಣಂತನ ಮಾಡುವವಳು. ಊರಿನ ಗೌಡನೂ ಸೇರಿ ಅಲ್ಲಿ ನಿಂತವರಲ್ಲಿ ಅರ್ಧದಷ್ಟು ಜನರನ್ನು ಭೂಮಿಗೆ ತಂದ ಕೈ ಅವಳದು.

"ತಮ್ಮಾ, ನಾ ಕೇಳ್ತೀನಿ, ನೀ ಖರೆ ಹೇಳು" ಎಂದಳು. "ಗಡಿಗಿ ಹೊಸಾದು ಹೌದಲ್ಲ?"

"ಹೌದು ಯವ್ವಾ. ವಾರ ಆತು."

"ಹಸರು ಪತ್ಲ ಉಡಿಸೀರಿ?"

"ಅದು ಅರಿವಿ. ನನ್ನ ಹೇಣ್ತಿ ಸೀರೀದು. ನೀರು ತಣ್ಣಗಿರಲಿ ಅಂತ—"

"ಹಸರು ಹೌದೋ ಅಲ್ಲೋ?"

"ಹೌದು."

"ಬಾಯಾಗ ಬೇವಿನ ತಪ್ಪಲ ಐತೋ ಇಲ್ಲೋ?"

"ನೀರು ತುಳುಕಬಾರ್ದು ಅಂತ—"

"ಐತೋ ಇಲ್ಲೋ?"

"ಐತಿ."

"ಉಡಿ ತುಂಬ್ಯಾರ?"

ನಾನು ಗಡಿಗೆಯ ಕಡೆ ನೋಡಿದೆ. "ತುಂಬ್ಯಾರ" ಎಂದೆ. ಎದೆಯೊಳಗಿನ ಗಾಳಿ ಹೋಗತೊಡಗಿದ್ದು ಆಗ.

"ಇವತ್ತ ವಾರ ಯಾವುದು?"

"ಮಂಗಳವಾರ."

ನಿಂಗವ್ವ ಊರಿನವರ ಕಡೆ ತಿರುಗಿ, "ಇನ್ನೇನ ಬೇಕ್ರಲೇ ನಿಮಗ?" ಎಂದಳು. ನನಗೇ ನ್ಯಾಯ ಹೇಳುವ ಕೆಲಸ ಕೊಟ್ಟಿದ್ದರೂ ನನ್ನ ವಿರುದ್ಧವೇ ತೀರ್ಪು ಕೊಡುತ್ತಿದ್ದೆ. ಊರಿನಲ್ಲಿ ದೇವಿ ಎದ್ದಾಗ ಅವಳನ್ನು ಹೊಸ ಗಡಿಗೆಯಲ್ಲಿ ಇಳಿಸಿ, ಹಸಿರು ಉಡಿಸಿ, ಬೇವು ಮುಡಿಸಿ, ಮಂಗಳವಾರ ಹಲಗೆ ಬಾರಿಸುತ್ತ ಸೀಮೆ ದಾಟಿಸಿ ಬಿಡುವುದು ನಮ್ಮ ಕಡೆಯ ಪದ್ಧತಿ. ಹುಟ್ಟಿದಾಗಿನಿಂದ ನೋಡಿದವನು ನಾನು. ವಾರವಿಡೀ ಅದೇ ವೇಷದ ಗಡಿಗೆಯನ್ನು ಕಟ್ಟಿಕೊಂಡು ತಿರುಗಿದರೂ ನನಗೆ ಹೊಳೆದಿರಲಿಲ್ಲ. ಬಾಯಾರಿಕೆ ಅಷ್ಟೊಂದು ಕುರುಡು.

"ಇದು ಕುಡಿಯೋ ನೀರು ಹುಸೇನಪ್ಪ, ನನ್ನ ಮಾತು ನಂಬು" ಎಂದೆ.

"ಕುಡಿಯೋ ನೀರಿಗೆ ಯಾರರ ಸೀರಿ ಉಡಸ್ತಾರೇನ್ರಿ?" ಎಂದ ಅವನು.

ಇಲ್ಲೇ ಚೆಲ್ಲಿಬಿಡುತ್ತೇನೆ ಎಂದೆ. ಇಳಿಜಾರು ನಮ್ಮ ಕಡೆಗೈತಿ, ಚೆಲ್ಲಿದ್ದು ನಮ್ಮ ಸೀಮೆಗೇ ಹರಿದು ಬರ್ತದ ಎಂದರು. ಹಾಗಾದರೆ ಹಿಂದಕ್ಕೆ ಒಯ್ಯುತ್ತೇನೆ ಎಂದು ಸೈಕಲ್ ತಿರುಗಿಸಿದರೆ, ಹಲಗೆಯವರ ಜೊತೆ ಗಡಿಯವರೆಗೂ ಬಂದಿದ್ದ ದುರುಗವ್ವ ಕೂಗಿದಳು: "ಏ ಸಾಹೇಬ್ರ! ಹೆಜ್ಜಿ ಹಿಂದಕ ಇಟ್ಟೀರಂದ್ರ ನೋಡ್ರಿ! ಉಡಿ ತುಂಬಿ ಕಳಿಸಿದಾಕೀನ ತಿರುಗಿ ಕರಕೊಂಬರ್ತಾರೇನು?"

"ಕಳಿಸೋರು ಹೊಳಿ ಕಡೆ ಕಳಸ್ರಲೇ! ನಮ್ಮ ಸೀಮಿನ ಬೇಕೇನು ನಿಮಗ?" ಎಂದ ಹುಸೇನಪ್ಪ ಕಲ್ಲಿನ ಆಚೆಯಿಂದ.

"ಹಿಂದಕ ನೀವು ನಮ್ಮ ಕಡೆ ಕಳಿಸಿದಾಗ ಹೊಳಿ ನೆನಪಿರಲಿಲ್ಲೇನೋ?"

"ಆಗ ನೀವು ಇದ್ರೇನು ನೋಡಾಕ? ಎಲ್ಲಾರೂ ಮಕ್ಕೊಂಡಿದ್ರಿ!"

ಎರಡೂರಿನವರು ನನ್ನ ತಲೆಯ ಮೇಲೆ ಹಾಯಿಸಿ ಹಳೆಯ ಲೆಕ್ಕ ತೆಗೆದರು. ನಾನು ನಡುವೆ ನಿಂತಿದ್ದೆ. ನಗಬೇಡಿ, ನನ್ನ ಕಷ್ಟ ಬಾಯಾರಿಕೆಯೊಂದೇ ಆಗಿರಲಿಲ್ಲ. ಸಂಗಾಪುರದಲ್ಲಿ ಇನ್ನೂ ಚುಚ್ಚದ ಮೂವತ್ತೊಂದು ಮಕ್ಕಳ ಹೆಸರು ನನ್ನ ಪಟ್ಟಿಯಲ್ಲಿತ್ತು. ಎರಡೂ ಊರುಗಳಿಗೆ ನೀರು ಒಂದೇ ಹಳ್ಳದ ಒರತೆಯದು. ಬೆಳಗಾದರೆ ಎರಡೂ ಊರಿನ ಹೆಂಗಸರು ಅಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೊಡ ತುಂಬುತ್ತಿದ್ದರು. ಬೇನೆ ನಾಳೆಯೋ ನಾಡಿದ್ದೋ ಇಲ್ಲಿಗೂ ಬರುವುದೇ, ಅದಕ್ಕೆ ಗಡಿಗೆ ಬೇಕಾಗಿರಲಿಲ್ಲ. ಥರ್ಮಾಸಿನೊಳಗಿನ ಬಟ್ಟೆ ಆಗಲೇ ಒಣಗುತ್ತ ಬಂದಿತ್ತು. ಆ ಬಿಸಿಲಿನಲ್ಲಿ ಔಷಧ ಸಂಜೆಯವರೆಗೆ ಬಾಳಿದರೆ ಹೆಚ್ಚು. ಮತ್ತೆ ತರಿಸಬೇಕೆಂದರೆ ಎರಡು ವಾರ.

ಗಡಿಗೆ ಬೆವರುತ್ತಿತ್ತು, ನಾನೂ ಬೆವರುತ್ತಿದ್ದೆ. ಅದು ತಣ್ಣಗಾಗುತ್ತಿತ್ತು, ನಾನು ಆಗುತ್ತಿರಲಿಲ್ಲ. ಅದರ ತಳದಿಂದ ಒಂದು ಹನಿ ಜಾರಿ ನನ್ನ ಬಲಗಾಲಿನ ಹೆಬ್ಬೆರಳ ಮೇಲೆ ಬಿದ್ದಿತು. ಒಳ್ಳೆ ತಣ್ಣಗಿತ್ತು. ಇನ್ನೊಂದು ಬಿದ್ದಿತು. ಮೂರನೆಯದು ಬೀಳುವುದಕ್ಕೆ ಮೊದಲು ನಾನು ಸೈಕಲ್ಲನ್ನು ನೆಲಕ್ಕೆ ಮಲಗಿಸಿ, ನೆಲುವಿನಿಂದ ಗಡಿಗೆ ಬಿಡಿಸಿ, ಬೇವಿನ ಟೊಂಗೆ ಕಿತ್ತೆಸೆದು, ಬಾಯಿಗೆ ಎತ್ತಿದೆ. ಅಜ್ಞಾನವನ್ನು ಹೋಗಲಾಡಿಸುವುದಕ್ಕೆ ಹಾಗೆ ಮಾಡಿದೆನೆಂದು ಆಮೇಲೆ ಮೇಲಧಿಕಾರಿಗಳಿಗೆ ವರದಿ ಬರೆದೆ. ವರದಿ ವರದಿಯೇ. ಕುಡಿದದ್ದು ಬಾಯಾರಿಕೆಗೆ. ಗಂಟಲಲ್ಲಿ ಇಳಿದಷ್ಟು ಇಳಿಯಿತು, ಉಳಿದದ್ದು ಗದ್ದ, ಕುತ್ತಿಗೆ, ಎದೆ, ಹೊಟ್ಟೆ ಎಲ್ಲವನ್ನೂ ತೋಯಿಸಿತು. ಒಂದೇ ಗಡಿಗೆ, ಅದರಲ್ಲಿಯೂ ಅರ್ಧ ಅಂಗಿಯ ಪಾಲು.

ಗಡಿಗೆ ಇಳಿಸಿದಾಗ ಹಲಗೆ ನಿಂತಿತ್ತು. ಮೊದಲು ಮಾತಾಡಿದವನು ಹುಸೇನಪ್ಪ, ಬಹಳ ಮೆಲ್ಲಗೆ: "ಕುಡುದಬಿಟ್ರಲ್ಲ."

"ಯವ್ವಾ, ದೇವೀನ ಕುಡುದಬಿಟ್ಟ!" ಎಂದಳು ದುರುಗವ್ವ.

"ಹಂಗಾದ್ರ ಈಗ ಎಲ್ಲಿ ಅದಾಳ?" ಎಂದ ಹುಸೇನಪ್ಪ.

"ಎಲ್ಲಿ ಇರ್ತಾಳ, ಹೊಟ್ಟ್ಯಾಗ ಅದಾಳ."

"ಮತ್ತ ಇವರನ್ನ ಊರಾಗ ಬಿಡಬೇಕೋ, ಬಿಡಬಾರದೋ?"

ಇದು ತಳವಾರಿಕೆಯ ಪ್ರಶ್ನೆ. ಹುಸೇನಪ್ಪನಿಗೆ ಇದಕ್ಕೆ ಹಿಂದಿನ ಆಧಾರ ಇರಲಿಲ್ಲ. ಎಲ್ಲರೂ ನಿಂಗವ್ವನ ಕಡೆ ನೋಡಿದರು. ಅವಳು ನನ್ನನ್ನು ಗಡಿಯ ಕಲ್ಲಿಗೆ ಒರಗಿಸಿ ಕೂಡಿಸಿದಳು. "ಸೂಜ್ಯಾಗ ಒಂದು ಹನಿ ಹಾಕಿದ್ರ ದೇವಿ ಬರಂಗಿಲ್ಲ ಅಂತ ಹೇಳಾವ ಇವ. ಈಗ ಗಡಿಗಿಗಟ್ಲೆ ಕುಡುದಾನ. ಮೈ ಕಾದ್ರ ಇವನ ಮಾತು ಸುಳ್ಳು. ಒಂದು ತಾಸು ನೋಡೂಣು" ಎಂದಳು.

ಕುಳಿತೆ. ಆಗ ನನ್ನ ತಲೆಯಲ್ಲಿ ಏನಿತ್ತೆಂದು ಯಾರೂ ಕೇಳಲಿಲ್ಲ, ಹೇಳುವುದು ನನ್ನ ಧರ್ಮ. ಗಡಿಗೆಯ ಬಾಯಿಗೆ ಅರಿಷಿಣ ಹಚ್ಚಿದ ಕೈಗಳು ಯಾವ ಕೈಗಳೆಂದು ಯೋಚಿಸುತ್ತಿದ್ದೆ. ಬೆಳಗಿನಿಂದ ಬೇನೆಯವರ ಹಾಸಿಗೆಯ ಪಕ್ಕ ಕುಳಿತೆದ್ದ ಕೈಗಳು. ಇದು ಕಲಿತ ಬುದ್ಧಿಯ ಅಂಜಿಕೆ. ಅದರ ಬೆನ್ನಿಗೇ ಇನ್ನೊಂದು ಅಂಜಿಕೆ ಇತ್ತು, ಕಲಿಯುವುದಕ್ಕಿಂತ ಮೊದಲಿನದು, ನನ್ನ ಅವ್ವ ಹಾಲಿನ ಜೊತೆ ಕುಡಿಸಿದ್ದು. ಎರಡರಲ್ಲಿ ಯಾವುದು ದೊಡ್ಡದಿತ್ತೆಂದು ಅಳೆದು ನೋಡಲಿಲ್ಲ.

ನಿಂಗವ್ವ ಸ್ವಲ್ಪ ಹೊತ್ತಿಗೊಮ್ಮೆ ನನ್ನ ಹಣೆ ಮುಟ್ಟುತ್ತಿದ್ದಳು. "ತಣ್ಣಗದಾನ." ಮತ್ತೆ ಮುಟ್ಟಿ, "ಇನ್ನೂ ತಣ್ಣಗದಾನ." ತೋಯ್ದ ಮೈಗೆ ಬಿಸಿಗಾಳಿ ಬೀಸುತ್ತಿತ್ತು, ಈರಣ್ಣನ ಗಡಿಗೆಗೆ ಆದದ್ದೇ ನನಗೂ ಆಗುತ್ತಿತ್ತು. ಕೊನೆಗೆ ಅವಳು ಅಂಗಿ ಎತ್ತಿ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಬೆಚ್ಚಿ ತೆಗೆದಳು. "ಯವ್ವಾ, ಆಣಿಕಲ್ಲ ಆಗೇತಿ!" ಎಂದಳು. ಆಮೇಲೆ ಎದ್ದು ನಿಂತು, ಎರಡೂ ಊರಿಗೆ ಕೇಳುವ ಹಾಗೆ ಸಾರಿದಳು: "ದೇವಿ ತಣ್ಣಗಾಗ್ಯಾಳ!"

ನಮ್ಮ ಕಡೆ ಸಿಡುಬು ಇಳಿದರೆ ಆಡುವ ಮಾತು ಇದೇ. ಈ ಮಾತಿನ ಮೇಲೆ ಮಾತಿಲ್ಲ. ಹುಸೇನಪ್ಪ ಬಡಿಗೆ ಕೆಳಗಿಟ್ಟ. ಎರಡೂರಿನವರೂ ಕೈ ಮುಗಿದರು. ನನಗಲ್ಲ, ನನ್ನ ಹೊಟ್ಟೆಗೆ. ಬೆವರುವ ಗಡಿಗೆಯ ನೀರು ತಣ್ಣಗಿರುತ್ತದೆ, ಅದು ಚೆಲ್ಲಿದ ಹೊಟ್ಟೆಯೂ ತಣ್ಣಗಿರುತ್ತದೆ ಎಂದು ನಾನು ಆಗ ತಿಳಿಸಿ ಹೇಳಬಹುದಿತ್ತು. ಹೇಳಲಿಲ್ಲ. ಥರ್ಮಾಸಿನಲ್ಲಿ ಔಷಧ ಬಿಸಿಯಾಗುತ್ತಿತ್ತು. ಅಂಗಿ ಇಳಿಸಿಕೊಂಡು, "ಮಕ್ಕಳನ್ನ ಜಲ್ದಿ ಕರ್ಕೊಂಬರ್ರಿ" ಎಂದೆ.

ಮೂವತ್ತೊಂದು ಮಕ್ಕಳೂ ಬಂದವು. ಯಾರೂ ಕಣಜದೊಳಗೆ ಬಚ್ಚಿಡಲಿಲ್ಲ. ತಿರುವಿ ಚುಚ್ಚುವ ಸೂಜಿ ನಮ್ಮದು, ಅತ್ತರು, ಒದ್ದರು, ಒಬ್ಬ ನನ್ನ ಕೈ ಕಚ್ಚಿದ. ಆದರೆ ತಾಯಂದಿರು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಕೊನೆಗೆ ನಿಂಗವ್ವ ಬಂದು ತನ್ನ ಒಣಗಿದ ತೋಳನ್ನು ಚಾಚಿದಳು.

"ಈ ವಯಸ್ಸಿನಾಗ ನಿನಗ್ಯಾಕ ಯವ್ವಾ?" ಎಂದೆ.

"ಗಡಿಗಿ ಪೂರಾ ನೀನ ಕುಡುದಿ. ಮುದುಕಿಗೆ ಒಂದು ಹನಿ ಕೊಡಾಕ ಹಿಂದ ಮುಂದ ನೋಡ್ತೀಯೇನೋ?" ಎಂದಳು. ಹಾಕಿದೆ. ಆ ಬೇಸಗೆ ಸಂಗಾಪುರದಲ್ಲಿ ಸಿಡುಬು ಏಳಲಿಲ್ಲ. ಹುಲಿದಿನ್ನಿಯಲ್ಲಿ ಬೇನೆ ಬಿದ್ದವರೂ ಎದ್ದರು. ಅದಕ್ಕೆ ಕಾರಣ ಔಷಧವೆಂದು ನಾನು ಹೇಳುತ್ತೇನೆ. ಊರಿನವರು ಹೇಳುವುದನ್ನು ನೀವು ಊಹಿಸಬಹುದು.

ಇನ್ನು ಉಳಿದದ್ದು ಒಂದೇ ಸಂಗತಿ. ಅದನ್ನು ಬಿಟ್ಟರೆ ಬರೆದದ್ದು ಪೂರ್ತಿಯಾಗುವುದಿಲ್ಲ. ಅಂದು ದೀಪ ಹಚ್ಚುವ ಹೊತ್ತಿಗೆ ಮಸ್ಕಿಯ ಮನೆಗೆ ಬಂದೆ. ಕಾಲು ತೊಳೆಯಲಿಲ್ಲ. ಪಡಸಾಲೆಯಲ್ಲಿ ಕುಳಿತು, ಥರ್ಮಾಸಿನಲ್ಲಿ ಉಳಿದಿದ್ದ ಒಂದೇ ಒಂದು ಕೊಳವೆ ಒಡೆದು, ಸೂಜಿ ಕಾಯಿಸಿ ಆರಿಸಿ, ನನ್ನ ಎಡತೋಳಿಗೆ ನಾನೇ ಚುಚ್ಚಿಕೊಳ್ಳತೊಡಗಿದೆ. ಬಾಗಿಲಲ್ಲಿ ಶರಣಮ್ಮ ಬಂದು ನಿಂತಳು.

"ಏನ ಮಾಡಾಕತ್ತೀರಿ?"

"ಔಷಧ ಉಳಿದಿತ್ತು. ಸುಮ್ಮನ ಹಾಳಾಗ್ತದ."

"ಹೋದ ವರ್ಷನ ಹಾಕ್ಕೊಂಡಿದ್ರಲ್ಲ?"

"ಹೂಂ."

"ಮತ್ತ?"

ನಾನು ನಡೆದದ್ದನ್ನೆಲ್ಲ ಹೇಳಿದೆ, ಇಲ್ಲಿ ಬರೆದ ಹಾಗೆಯೇ, ಹೆಚ್ಚಿಲ್ಲದೆ ಕಡಿಮೆಯಿಲ್ಲದೆ. ಅವಳು ಕೊನೆಯವರೆಗೂ ಕೇಳಿದಳು, ನಗಲಿಲ್ಲ. "ಹಂಗಾದ್ರ ಬಲಗೈಗೂ ಹಾಕ್ಕೊಂಡಬಿಡ್ರಿ" ಎಂದಳು. ಎಡಗೈಯಿಂದ ಚುಚ್ಚಿಕೊಳ್ಳಲು ನನಗೆ ಬರುವುದಿಲ್ಲ. ಅವಳೇ ಹಿಡಿದು ಚುಚ್ಚಿದಳು.

ನಿಂಗವ್ವ ಮತ್ತೆ ಒಂಬತ್ತು ವರ್ಷ ಬದುಕಿ, ಮುಪ್ಪಿನಿಂದ ತೀರಿಕೊಂಡಳು. ಹುಸೇನಪ್ಪನೂ ಇಲ್ಲ. ಹಲಗೆಯವರು ಎಲ್ಲಿದ್ದಾರೋ ತಿಳಿಯದು. ದುರುಗವ್ವ ದಢೇಸುಗೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ, ಕಣ್ಣು ಮಂಜಾಗಿದೆ, ಮಾತು ಗಟ್ಟಿಯಾಗಿದೆ. ನಾನು ಮೂರು ಗಡಿಗೆ ಕುಡಿದೆನೆಂದು ಹೇಳುತ್ತಾಳೆ, ನಂಬಬೇಡಿ. ಎರಡು ತೋಳುಗಳ ಸಂಗತಿಯನ್ನು ಕಣ್ಣಾರೆ ಕಂಡು ಇನ್ನೂ ಬದುಕಿರುವವಳು ಮಸ್ಕಿಯ ಅದೇ ಮನೆಯಲ್ಲಿರುವ ನನ್ನ ಹೆಂಡತಿ ಶರಣಮ್ಮ ಒಬ್ಬಳೇ. ಬಂದವರಿಗೆಲ್ಲ ಅವಳು ಹೇಳುತ್ತಾಳೆ. ನಾನು ಇಲ್ಲವೆನ್ನಲಾರೆ.